ಸೋಮವಾರ ಚಾಲೂ ಆಗಲಾರದ ಟ್ರ್ಯಾಕ್ಟರ್

ಚಾಲೂ ಆಗಲಾರದ ಇಂಜಿನ್ ಮುಂದ ನಿಂತಾಗ ಮೆಕ್ಯಾನಿಕ್ ಆದವ ಮಾಡಬೇಕಾದ ಮೊದಲನೇ ಕೆಲಸ ಬಾಯಿ ಮುಚ್ಚಿಕೊಂಡಿರೂದು. ಇದನ್ನ ನಿಮ್ಮ ಟ್ರೇನಿಂಗ್ ಸ್ಕೂಲಿನಾಗ ಯಾರೂ ಹೇಳಿಕೊಡೂದಿಲ್ಲ. ಸುತ್ತ ಇಪ್ಪತ್ತು ಮಂದಿ ಕೂಡಿರ್ತಾರ. ಒಬ್ಬ ಎಣ್ಣಿ ತೀರಿರಬೇಕು ಅಂತಾನ. ಇನ್ನೊಬ್ಬ ನಮ್ಮ ಮಾವನ ಊರಾಗಿನ ಗಿರಣಿ ಇಂಜಿನ್ನೂ ಹಿಂಗೇ ಮಾಡ್ತಿತ್ತು ಅಂತಾನ. ಮೂರನೇದವ ಏನೂ ಅನ್ನದೇ ಬಂದು ಒಂದು ನಟ್ ತಿರುವಿ ನೋಡ್ತಾನ. ಆ ಮೂರನೇದವನ ಮ್ಯಾಲ ಕಣ್ಣಿಡ್ರಿ. ಉಳಿದವರ ಮಾತಿಗಿ ಹೂಂ ಅಂದು ನಿಮ್ಮ ಕೆಲಸ ನೀವು ನೋಡ್ಕೋರಿ.

ನನ್ನ ಹೆಸರು ಪ್ರಲ್ಹಾದರಾವ. ಹುಟ್ಟಿದ್ದು ಸೇಡಂನಾಗ, ಪೂಜಿ ಮಾಡೋರ ಮನಿಯಾಗ. ನಮ್ಮಪ್ಪನ ಕೈ ಗಂಧ ತೇದು ತೇದು ತಂಪಾಗಿದ್ದವು, ನನ್ನವು ಇಂಜಿನ್ ಎಣ್ಣಿಯಾಗ ಕಪ್ಪಾದವು. ಊಟಕ್ಕ ಕುಂತ್ರ ಅಪ್ಪ ನನ್ನ ಕೈ ನೋಡಿ ಮಾರಿ ತಿರುವತಿದ್ದ. ಎಷ್ಟು ಸಲ ಬೂದಿ ಹಚ್ಚಿ ತಿಕ್ಕಿದ್ರೂ ಉಗುರಿನ ಸಂದ್ಯಾಗಿಂದ ಆ ಕಪ್ಪು ಹೋಗ್ಲೇ ಇಲ್ಲ. ನನಗ ಬಡ್ತಿ ಯಾವಾಗ ಸಿಕ್ತು, ವರ್ಗಾ ಎಲ್ಲಿಗಾಯ್ತು, ಅದೆಲ್ಲ ಸರ್ವಿಸ್ ಬುಕ್ಕಿನಾಗ ಅದ. ಅದನ್ನ ಇಲಿಗಳು ಆಗಲೇ ಓದಿ ಮುಗಿಸ್ಯಾವ. ನಾನು ಹೇಳೂದು ನನ್ನ ನೌಕರಿ ಇನ್ನೂ ಪಕ್ಕಾ ಆಗಿರದ ಕಾಲದ ಮಾತು.

ಆವಾಗ ನಮ್ಮ ಕಡೆ ನಿಜಾಮನ ಸರ್ಕಾರ. ಕಚೇರಿ ಕಾಗದ ಎಲ್ಲಾ ಉರ್ದುದಾಗ, ವಾರದ ರಜಾ ಶುಕ್ರವಾರ. ದೊಡ್ಡ ಲಡಾಯಿ, ಅಂದ್ರ ಎರಡನೇ ಮಹಾಯುದ್ಧ, ನಡದಿತ್ತು, ಧಾನ್ಯ ಹೆಚ್ಚು ಬೆಳೀರಿ ಅಂತ ಮ್ಯಾಲಿಂದ ಹುಕುಂ ಮ್ಯಾಲ ಹುಕುಂ. ಚಿತ್ತಾಪುರದ ಹತ್ತಿರ ಸರ್ಕಾರಿ ಫಾರಂ ಒಂದಿತ್ತು. ಅಲ್ಲಿ ಲಡಾಯಿಗಿಂತ ಮೊದಲು ಜರ್ಮನಿಯಿಂದ ತರಿಸಿದ ಒಂದು ಹಳೇ ಟ್ರ್ಯಾಕ್ಟರ್. ಕರೇ ಭೂಮಿಯಾಗ ಆಳ ಬೇರು ಬಿಟ್ಟ ಕರಕಿ ಹುಲ್ಲು ಕಿತ್ತಲಿಕ್ಕ ಅದನ್ನ ಊರೂರಿಗಿ ಒಯ್ತಿದ್ರು. ಶಹಾಬಾದದ ಫರಸಿ ಕಲ್ಲಿನ ಖಣಿಯಾಗ ನೀರು ಎತ್ತೋ ಇಂಜಿನ್ ಬಾಜೂ ನಾಕು ವರ್ಷ ನಿಂತು ಕಲತಿದ್ದೆ ಅಂತ ನನ್ನನ್ನ ಹಂಗಾಮಿ ಮಿಸ್ತ್ರಿ ಮಾಡಿ ತಗೊಂಡ್ರು. ಒಂದು ವರ್ಷ ನೋಡಿ ಪಕ್ಕಾ ಮಾಡ್ತೀವಿ, ಇಲ್ಲಾಂದ್ರ ನಿನ್ನ ದಾರಿ ನಿನಗ ಅಂದ್ರು. ನಮ್ಮವ್ವ ಅಷ್ಟಕ್ಕೇ ಸೇಡಂನ ಓಣಿ ಪೂರ್ತಿ ಸಕ್ಕರಿ ಹಂಚಿ, "ನಮ್ಮ ಪಲ್ಯಾಂದು ಸರ್ಕಾರಿ ನೌಕರಿ ಪಕ್ಕಾ ಆಯ್ತು" ಅಂತ ಹೇಳಿಬಿಟ್ಟಿದ್ದಳು. ಹಂಚಿದ ಸಕ್ಕರಿ ವಾಪಸ್ ಕೇಳ್ಲಿಕ್ಕ ಬರ್ತದೇನು? ಇನ್ನ ನೌಕರಿ ಹೋದ್ರ ನಾನು ಆ ಓಣಿಯಾಗ ಕಾಲಿಡೂ ಹಂಗಿರ್ಲಿಲ್ಲ.

ಈಗಿನ ಟ್ರ್ಯಾಕ್ಟರಿಗಿ ಚಾವಿ ತಿರುವಿದ್ರ ಮುಗೀತು. ನಮ್ಮದಕ್ಕ ಒಂದು ತಾಸಿನ ಉಪಚಾರ. ಡೀಸೆಲ್‌ಗೆ ನಾವು ಕಚ್ಚಾ ಎಣ್ಣಿ ಅಂತಿದ್ದೆವು. ಇಂಜಿನ್ ಮುಂದ ಕಬ್ಬಣದ ದಪ್ಪ ತಲಿ ಇರ್ತಿತ್ತು. ಚಿಮಣಿ ಎಣ್ಣಿಯ ಬ್ಲೋಲ್ಯಾಂಪ್ ಹಚ್ಚಿ ಆ ತಲಿ ಕೆಂಪಾಗೋತನಕ ಕಾಸಬೇಕು. ಆಮ್ಯಾಲ ಸ್ಟೇರಿಂಗ್ ಚಕ್ಕರವನ್ನ ಅದರ ಸರಳ ಸಮೇತ ಕಿತ್ತಿ, ಬಾಜೂಕ ಇರೋ ದೊಡ್ಡ ಗಾಲಿಯೊಳಗ ಸೇರಿಸಿ, ಹಿಂದ ಮುಂದ ತೂಗಿ ತೂಗಿ ಒಮ್ಮೆ ಝಾಡಿಸಬೇಕು. ಹತ್ತಿತು ಅಂದ್ರ ಕೈ ಬಿಡಬೇಕು. ಕೈ ಬಿಡಲಿಲ್ಲಂದ್ರ ಮಣಿಕಟ್ಟು ಮುರೀತದ.

ಆ ಇಂಜಿನ್ನಿನ ಇನ್ನೊಂದು ಗುಣ ಅದ, ಅದನ್ನ ನನಗ ಯಾರೂ ಹೇಳಿರ್ಲಿಲ್ಲ. ತೂಗುವಾಗ ಉಲ್ಟಾ ಝಾಡಿಸಿತು ಅಂದ್ರ ಅದು ಉಲ್ಟಾನೇ ತಿರಗಲಿಕ್ಕ ಹತ್ತತದ. ಆವಾಜ್ ಒಂದೇ, ಹೊಗಿ ಒಂದೇ. ಮುಂದಿನ ಗೇರು ಹಾಕಿದ್ರ ಗಾಡಿ ಹಿಂದಕ್ಕ ಹೊಂಟುಬಿಡ್ತದ.

ಇದು ನನಗ ಗೊತ್ತಾಗಿದ್ದು ಚಿಂಚೋಳಿ ತಾಲೂಕಿನ ಕೊಡ್ಲಿಯಾಗ. ಅಲ್ಲಿನ ಗೌಡ್ರ ಹೊಲದಾಗ ಟ್ರ್ಯಾಕ್ಟರ್ ನೋಡ್ಲಿಕ್ಕ ಊರಿಗಿ ಊರೇ ಬಂದಿತ್ತು. ಹಿಂದ, ದೂರದಾಗ, ಗೌಡ್ರು ತಹಶೀಲ್ದಾರ ಸಾಹೇಬ್ರನ್ನ ಬಾಜಿನ ಮ್ಯಾಲ, ಅಂದ್ರ ನುಲಿ ಮಂಚದ ಮ್ಯಾಲ, ಕೂಡಿಸಿಕೊಂಡು ಚಹಾ ಕುಡೀಲಿಕತ್ತಿದ್ರು. ನಾನು ಎದಿ ಉಬ್ಬಿಸಿ ಗಾಡಿ ಹತ್ತಿ, ಮುಂದ ನಿಂತ ಮಂದಿಗಿ "ಸರೀರಿ, ಸರೀರಿ, ಮ್ಯಾಲ ಬರ್ತದ!" ಅಂತ ಚೀರಿ, ಕ್ಲಚ್ ಬಿಟ್ಟೆ. ಗಾಡಿ ಸರ್ರನೆ ಹಿಂದಕ್ಕ ಹೊಂಟಿತು. ನಾನು ಗಾಬರಿಯಾಗಿ ಇನ್ನೊಂದು ಗೇರು ಹಾಕಿದೆ, ಅದು ಮತ್ತಷ್ಟು ಜೋರಾಗಿ ಹಿಂದಕ್ಕ ಓಡಿತು. ತಹಶೀಲ್ದಾರ್ರು ಬಾಜು ಬಿಟ್ಟು ಒಂದು ಕಡೆ ಹಾರಿದ್ರು, ಗೌಡ್ರು ಇನ್ನೊಂದು ಕಡೆ. ಬಾಜು ಪುಡಿಪುಡಿ ಆಯ್ತು. ಗಾಡಿ ಹಂಗೇ ಹೋಗಿ ಗೌಡ್ರ ಜೋಳದ ದಂಟಿನ ಕಣಕಿ ಬಣವಿಯೊಳಗ ಕುತ್ತಿಗಿಮಟ ಹೊಕ್ಕು ನಿಂತಿತು. ನನ್ನ ಬಾಯಾಗ, ಕಿವಿಯಾಗ, ಅಂಗಿಯೊಳಗ ಎಲ್ಲಾ ಕಡೆ ಕಣಕಿ.

ಗೌಡ್ರ ತಾಯಿ, ಎಂಬತ್ತರ ಮುದುಕಿ, ಕೋಲು ಊರಿಕೋತ ಬಂದು ಬಣವಿ ನೋಡಿದಳು, ನನ್ನ ನೋಡಿದಳು.

"ಯಪ್ಪಾ, ಇದಕ್ಕ ಹಸಿವ್ಯಾಗಿತ್ತಂದ್ರ ಮೊದಲೇ ಹೇಳಬಾರದೇನೋ? ನಾವೇ ಒಂದು ಹೊರಿ ತಂದು ಹಾಕ್ತಿದ್ವಿ" ಅಂದಳು.

ಆಮ್ಯಾಲ ನಕ್ಕದ್ದು ಕೊಡ್ಲಿ ಊರು ಮೂರು ದಿನ ನಿಲ್ಲಿಸಲಿಲ್ಲ. ಆದ್ರ ತಹಶೀಲ್ದಾರ್ರ ಮೊಣಕಾಲು ಕೆತ್ತಿತ್ತು, ಅವರು ನಗಲಿಲ್ಲ. ಫಾರಂನ ಮೇಲಧಿಕಾರಿ, ನಮ್ಮ ವಹೀದ್ ಸಾಹೇಬ್ರು, ನನ್ನ ಕರದು ಕೈಯಾಗ ಒಂದು ಉರ್ದು ಕಾಗದ ಕೊಟ್ರು. ಇನ್ನೊಮ್ಮೆ ನಿನ್ನ ಟ್ರ್ಯಾಕ್ಟರ್ ಸರ್ಕಾರದ ಮಾನ ತಗೀತು ಅಂದ್ರ ನೌಕರಿಯಿಂದ ಬರಖಾಸ್ತ್ ಅಂತ ಅದರಾಗ ಬರದಿತ್ತು. ನಾನು ಅದನ್ನ ಮಡಚಿ ಕಿಸೆದಾಗ ಇಟ್ಕೊಂಡೆ. ಅವ್ವಗ ಹೇಳಲಿಲ್ಲ.

ವಹೀದ್ ಸಾಹೇಬ್ರ ಬಗ್ಗೆ ಹೇಳಬೇಕು. ಕಲಬುರಗಿಯವರು, ನಮ್ಮಂಗೇ ಕನ್ನಡ ಮಾತಾಡೋರು, ಭಾಳ ಛಲೋ ಮನುಷ್ಯ. ಮನಿಯಾಗ ಮಾವಿನಹಣ್ಣು ಬಂದ್ರ ನನಗೊಂದು ಬುಟ್ಟಿ ತಪ್ಪದೇ ಕೊಡೋರು. ಅವರಿಗಿ ಇದ್ದದ್ದು ಒಂದೇ ಒಂದು ಚಟ, ಗೊತ್ತಿಲ್ಲ ಅನ್ನಲಿಕ್ಕ ಅವರಿಗಿ ಬರ್ತಿರ್ಲಿಲ್ಲ. ಟ್ರ್ಯಾಕ್ಟರಿನ ಜೋಡಿ ಒಂದು ದಪ್ಪ ಪುಸ್ತಕ ಬಂದಿತ್ತು, ಪೂರ್ತಿ ಜರ್ಮನ್ ಭಾಷಾದಾಗ. ಅದನ್ನ ಸಾಹೇಬ್ರು ಕೆಂಪು ಅರಬಿ ಬಟ್ಟಿಯಾಗ ಸುತ್ತಿ ಅಲಮಾರಿಯಾಗ ಇಟ್ಟಿದ್ರು. ಗಾಡಿ ಕೆಟ್ಟಾಗೊಮ್ಮೆ ಅದನ್ನ ಬಿಚ್ಚಿ, ಚಷ್ಮಾ ಏರಿಸಿ, ತುಟಿ ಅಲುಗಿಸಿಕೋತ ಓದೋರು. "ಹಾಂ, ಇಲ್ಲಿ ಸಾಫ್ ಸಾಫ್ ಬರದಾರ ನೋಡು ಮಿಯಾ" ಅನ್ನೋರು. ಒಂದು ಸಲ ಅವರ ಭುಜದ ಮ್ಯಾಲಿಂದ ಬಗ್ಗಿ ನೋಡಿದೆ. ಆ ಪುಟದಾಗ ಡ್ರೈವರ್ ಕೂಡೋ ಸೀಟಿನ ಚಿತ್ರ ಒಂದೇ ಇತ್ತು. ನಾನು ನೋಡಿದ್ದನ್ನ ಅವರೂ ನೋಡಿದ್ರು. ಇಬ್ಬರೂ ಆ ಮಾತು ಎತ್ತಲಿಲ್ಲ.

ಕೊಡ್ಲಿಯಿಂದ ಗಾಡಿ ಫಾರಂಗೆ ವಾಪಸ್ ಬಂದ ಮ್ಯಾಲ ಖರೇ ತ್ರಾಸು ಚಾಲೂ ಆಯ್ತು. ಒಂದಿನ ಮುಂಜಾನಿ ಎಷ್ಟು ಕಾಸಿದ್ರೂ, ಎಷ್ಟು ತೂಗಿದ್ರೂ ಇಂಜಿನ್ ಏಳವಲ್ಲದು. ಟುಸ್ ಅಂತದ, ಬಿಳೇ ಉಗಿ ಬಿಡ್ತದ, ಸುಮ್ಮನ ಕೂಡ್ತದ. ನಾನು ಎಣ್ಣಿ ಚಿಮ್ಮೋ ನಾಝಲ್ ಬಿಚ್ಚಿ, ಸೂಜಿಲೇ ಸಾಫ್ ಮಾಡಿ ಕೂಡಿಸಿದೆ. ಹನ್ನೊಂದು ಹೊಡದ ಮ್ಯಾಲ ಎದ್ದಿತು. ರೋಜ್ನಾಮಚಾ ಅಂತ ದಿನದ ಕೆಲಸ ಬರಿಯೋ ವಹಿ ಇತ್ತು, ಅದರಾಗ "ನಾಝಲ್ ಖರಾಬ್" ಅಂತ ಬರದೆ. ವಾರ ಪೂರ್ತಿ ಗಾಡಿ ಮಲ್ಲಿಗಿ ಹೂವಿನಂಗ ಓಡಿತು.

ಎಂಟು ದಿನಕ್ಕ ಮತ್ತ ಹಂಗೇ. ಈ ಸಲ ಎಣ್ಣಿ ಸೋಸೋ ಜಾಳಗಿ ತೊಳದೆ, ಎದ್ದಿತು. "ಜಾಳಗಿ ಖರಾಬ್." ಮೂರನೇ ವಾರ ಸಾಹೇಬ್ರೇ ಪುಸ್ತಕ ತಂದ್ರು. ಪುಟ ತಿರುವಿ ತಿರುವಿ, "ಪೈಪಿನಾಗ ಹವಾ ಹೊಕ್ಕದ ಮಿಯಾ. ಹವಾ ನಿಕಾಲೋ" ಅಂದ್ರು. ಪೈಪಿನ ಜೋಡಣಿ ಬಿಚ್ಚಿ ಪಂಪು ಹೊಡದೆ, ಹವಾ ತಗದೆ, ಗಾಡಿ ಎದ್ದೇಬಿಟ್ಟಿತು! ಸಾಹೇಬ್ರು ಎರಡು ದಿನ ನೆಲದ ಮ್ಯಾಲ ನಡೀಲಿಲ್ಲ.

ಇಲ್ಲೊಂದು ಮಾತು ಬರಕೋರಿ. ಇಂಜಿನ್ ಚಾಲೂ ಆದಾಗ ನೀವು ಕಡೀಕ ಮುಟ್ಟಿದ ಸಾಮಾನಿಗಿ ಶಾಬಾಸ್ ಕೊಡಬ್ಯಾಡ್ರಿ. ನಾನು ಮೂರು ಸಲ ಮೂರು ಸಾಮಾನು ರಿಪೇರಿ ಮಾಡಿದೆ ಅಂತ ಬೀಗಲಿಕತ್ತಿದ್ದೆ. ಖರೇ ಹೇಳಬೇಕಂದ್ರ ಮೂರು ಸಲಾನೂ ಪೈಪು ಬಿಚ್ಚಿದಾಗ ಅದರಾಗಿಂದು ಏನೋ ನೆಲಕ್ಕ ಹರದು ಹೋಗಿತ್ತು. ಆ ಹರದದ್ದು ಏನು ಅಂತ ನೋಡೋ ಬುದ್ಧಿ ನನಗ ನಾಕನೇ ವಾರ ಬಂತು. ಬೆರಳಿಗಿ ಹಚ್ಚಿ ತಿಕ್ಕಿದೆ. ಎಣ್ಣಿ ಅಲ್ಲ, ನೀರು.

ಹತ್ತಿತಲ್ಲ ಸಿಟ್ಟು! ಎಣ್ಣಿ ಪೀಪಾಯಿ ರೈಲಿನಾಗ ವಾಡಿಗಿ ಬರ್ತಿದ್ದವು. ವಾಡಿಗಿ ಹೋಗಿ ಗೋದಾಮಿನ ಗುಮಾಸ್ತನ ಮುಂದ ನಿಂತು ಕೂಗಾಡಿದೆ. "ಎಣ್ಣಿಗಿ ನೀರು ಹಾಕ್ಲಿಕ್ಕ ನೀವೇನು ಹಾಲು ಮಾರ್ತೀರೇನು?" ಅಂದೆ. ಆ ಮನುಷ್ಯ ಎಲಿ ಅಡಿಕಿ ಹಾಕ್ಕೋತ, "ನಮ್ಮ ಪೀಪಾಯಿ ಎಣ್ಣಿಯಿಂದ ಬಾಕೀ ಇಂಜಿನ್ ಎಲ್ಲಾ ನಡೀಲಿಕತ್ಯಾವ. ನಿಮ್ಮದೊಂದೇ ನೀರು ಕುಡೀತದೇನ್ರಿ?" ಅಂದ. ಪೀಪಾಯಿ ತೆರದು ನೋಡಿದ್ರ ಹನಿ ನೀರಿಲ್ಲ. ಆದ್ರೂ ನಂಬಿಕಿ ಬರಲಿಲ್ಲ. ಅವ್ವನ ಕಣ್ಣು ತಪ್ಪಿಸಿ ಅಪ್ಪನ ಹಳೇ ಮಡಿ ಪಂಜಿ ತಂದು, ನಾಕು ಪದರ ಮಾಡಿ, ಎಣ್ಣಿ ಸೋಸಿ ಸೋಸಿ ಟಾಂಕಿಗಿ ಹಾಕಿದೆ. ಮುಂದಿನ ವಾರ ಮತ್ತ ಟುಸ್.

ಶುಕ್ರವಾರ ಮನಿಗಿ ಹೋದಾಗ ಕಡಿಗಿ ಅವ್ವನ ಮುಂದ ಅಷ್ಟು ಇಷ್ಟು ಬಾಯಿಬಿಟ್ಟೆ. ಅವಳು ಬೆರಳು ಮಡಚಿ ಕೇಳಿದಳು.

"ಯಾವ ವಾರ ಕೆಡ್ತದೋ ಅದು?"

ನೆನಪು ಮಾಡಿ ನೋಡಿದೆ. ಐದು ಸಲಾನೂ ಸೋಮವಾರ.

"ಅಯ್ಯ ಹುಚ್ಚಪ್ಪ! ಸೋಮವಾರ ಮುಂಜಾನಿ ಏಳೂವರಿಯಿಂದ ಒಂಬತ್ತರ ತನಕ ರಾಹುಕಾಲ. ರಾಹುಕಾಲದಾಗ ಬೆಂಕಿ ಹಚ್ಚಿದ್ರ ಯಾವುದು ಏಳ್ತದ? ಅದಕ್ಕೇ ನಿನಗ ಹನ್ನೊಂದಕ್ಕ ಎದ್ದದ್ದು!"

ನಗಬ್ಯಾಡ್ರಿ. ಮುಂದಿನ ಸೋಮವಾರ ನಾನು ಒಂಬತ್ತು ಹೊಡಿಯೋತನಕ ಕೈ ಕಟ್ಟಿ ಕುಂತೆ. ಒಂಬತ್ತಕ್ಕ ಕಾಸಿ ತೂಗಿದೆ. ಟುಸ್.

ಅವತ್ತೇ ಹೈದರಾಬಾದಿನಿಂದ ತಾರು ಬಂತು. ಇಲಾಖಾದ ದೊಡ್ಡ ಸಾಹೇಬ್ರು ಫಾರಂ ನೋಡ್ಲಿಕ್ಕ ಬರ್ತಾರ, ಅವರೆದುರಿಗಿ ಟ್ರ್ಯಾಕ್ಟರ್ ನಡಸಿ ತೋರಿಸಬೇಕು. ಯಾವ ದಿನ? ಮುಂದಿನ ಸೋಮವಾರ, ಮುಂಜಾನಿ ಒಂಬತ್ತಕ್ಕ. ವಹೀದ್ ಸಾಹೇಬ್ರು ತಾರು ಓದಿ ನನ್ನ ಮಾರಿ ನೋಡಿದ್ರು. "ಪ್ರಲ್ಹಾದ ಮಿಯಾ, ಅವತ್ತ ಇದು ಏಳಲಿಲ್ಲಂದ್ರ ನಾನು ನಿನ್ನ ಉಳಸಲಿಕ್ಕ ಆಗೂದಿಲ್ಲ" ಅಂದ್ರು. ಆ ವಾರ ನನಗ ಅನ್ನ ಸೇರಲಿಲ್ಲ.

ಟ್ರ್ಯಾಕ್ಟರ್ ನಿಲ್ಲೋ ತಗಡಿನ ಶೆಡ್ಡಿನಾಗ ಒಬ್ಬ ಚೌಕಿದಾರ ಇದ್ದ, ಶರಣಪ್ಪ ಮುತ್ಯಾ. ಎಪ್ಪತ್ತರ ಹತ್ತಿರ ವಯಸ್ಸು, ಹಣಿ ತುಂಬ ವಿಭೂತಿ, ಕೊರಳಾಗ ಲಿಂಗ. ಮೊದಲು ಅವ ಫಾರಂನ ಎತ್ತು ಹೂಡೋ ಒಕ್ಕಲಿಗ. ಟ್ರ್ಯಾಕ್ಟರ್ ಬಂದ ಮ್ಯಾಲ ಅವನ ನಾಕೂ ಎತ್ತು ಹರಾಜು ಹಾಕಿ, ಎತ್ತಿನ ಕೊಟ್ಟಿಗಿಯಾಗೇ ಟ್ರ್ಯಾಕ್ಟರ್ ನಿಲ್ಲಿಸಿ, ಇದನ್ನ ಕಾಯಿ ಅಂತ ಅವನಿಗಿ ಹೇಳಿದ್ರು. ಹೆಂಡತಿ ತೀರಿಹೋಗಿದ್ದಳು. ಕಂಬಳಿ ಹಾಸಿಕೊಂಡು ಟ್ರ್ಯಾಕ್ಟರ್ ಬಾಜೂಕೇ ಮಲಗತಿದ್ದ. ನಾನು ಎಲ್ಲಾ ಸಾಮಾನು ಬಿಚ್ಚಿ ನೋಡಿದ್ದೆ, ವಾಡಿತನಕ ಹೋಗಿ ಜಗಳಾಡಿ ಬಂದಿದ್ದೆ. ಬಾಜೂಕ ಮಲಗೋ ಮನುಷ್ಯಾನ್ನ ಒಂದು ಮಾತು ಕೇಳಿರ್ಲಿಲ್ಲ. ಸೋಮವಾರ ಶೆಡ್ಡಿನ ನೆಲ ಹಸಿ ಇರ್ತಿತ್ತು, ಕಸ ಹೊಡದು ನೀರು ಚಿಮುಕಿಸ್ಯಾನ ಅಂದುಕೊಂಡಿದ್ದೆ. ಬಾನೆಟ್ಟಿನ ಮ್ಯಾಲ ವಿಭೂತಿ ಇರ್ತಿತ್ತು. ನಮ್ಮ ಕಡೆ ವಿಭೂತಿ ಯಾವುದರ ಮ್ಯಾಲ ಇರೂದಿಲ್ಲ ಹೇಳ್ರಿ?

ಆ ಸೋಮವಾರ ನಾನು ಬೆಳಕು ಹರಿಯೂದರೊಳಗೇ ಫಾರಂಗೆ ಹೋದೆ. ಯಾರೂ ಬರೂದಕ್ಕಿಂತ ಮೊದಲು ಟಾಂಕಿ ಪೂರ್ತಿ ಖಾಲಿ ಮಾಡಿ ಹೊಸ ಎಣ್ಣಿ ಹಾಕಬೇಕು ಅಂತ ಲೆಕ್ಕ. ಶೆಡ್ಡಿನಾಗ ನೀರು ಸುರಿಯೋ ಸಪ್ಪಳ ಕೇಳಿಸ್ತು. ಒಳಗ ಹೋಗಿ ನೋಡ್ತೀನಿ, ಮುತ್ಯಾ ಟ್ರ್ಯಾಕ್ಟರಿನ ಮ್ಯಾಲ ಹತ್ತಿ ನಿಂತಾನ. ಕೈಯಾಗ ತುಂಬಿದ ಕೊಡ. ಟಾಂಕಿಯ ನೆತ್ತಿ ಮ್ಯಾಲಿಂದ ದಬದಬ ಸುರೀಲಿಕತ್ಯಾನ. ಇನ್ನೊಂದು ಕೈಯಾಗ ತೆಂಗಿನ ನಾರು, ತಿಕ್ಕಲಿಕ್ಕ.

"ಮುತ್ಯಾ! ಏನ್ ಮಾಡ್ಲಿಕತ್ತೀ?"

"ಕಾಣಸವಲ್ಲದೇನ್ರಿ ರಾಯ್ರ? ಮೈ ತೊಳೀಲಿಕತ್ತೀನಿ. ಸೋಮವಾರ ಅಲ್ಲೇನ್ರಿ ಇವತ್ತ."

ಟಾಂಕಿ ಮುಚ್ಚಳದಾಗ ಹವಾ ಆಡ್ಲಿಕ್ಕ ಒಂದು ತೂತು ಇರ್ತದ. ಅದರ ವಾಶರ್ ಕೊಡ್ಲಿ ಬಣವಿಯಾಗ ಹರದು ಹೋಗಿತ್ತು, ಲಡಾಯಿಯಾಗ ಹೊಸಾದು ಎಲ್ಲಿಂದ ತರೂದು, ನಾನೇ ಅರಬಿ ಚಿಂದಿ ಸುತ್ತಿದ್ದೆ. ಆ ಚಿಂದಿ ಮ್ಯಾಲ ಮುತ್ಯಾನ ಕೊಡ ಕೊಡ ನೀರು. ಎರಡು ತಿಂಗಳ ಬೇಮಾರಿ ನನ್ನ ಕಣ್ಣೆದುರಿಗೇ ನಿಂತು ಮೈ ತಿಕ್ಕಲಿಕತ್ತಿತ್ತು.

ನೀವು ಪ್ಯಾಟಿಯಾಗ ಬೆಳದವರಿದ್ರ ಹೇಳ್ತೀನಿ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲ ಮ್ಯಾಲ ನೊಗ ಇಡೂದಿಲ್ಲ. ಅದು ಬಸವಣ್ಣನ ದಿನ. ಅವತ್ತ ಎತ್ತಿಗಿ ಮೈ ತೊಳದು, ವಿಭೂತಿ ಹಚ್ಚಿ, ಆರಾಮ್ ಬಿಡೂದು. ಇದು ಹುಟ್ಟಿದ ಕೂಸಿಗೂ ಗೊತ್ತಿರೋ ಸಂಗತಿ. ನನಗೂ ಗೊತ್ತಿತ್ತು. ಆದ್ರ ಕಬ್ಬಣದ ಗಾಡಿಗೂ ಅದಕ್ಕೂ ಗಂಟು ಹಾಕೂದು ನನ್ನ ತಲಿಗಿ ಹೊಳೀಲಿಲ್ಲ.

"ಮುತ್ಯಾ, ಇದೇನು ಎತ್ತೇನು?"

"ಹೊಲ ಹೂಡ್ತದಲ್ರಿ? ಹೂಡೋದು ಎತ್ತಾದ್ರೇನು, ಕಬ್ಬಣಾದ್ರೇನು? ದುಡಿದ ಮೈ ದುಡಿದ ಮೈಯೇ."

"ಶುಕ್ರವಾರ ಇದೂ ನಿಂತೇ ಇರ್ತದಲ್ಲೋ!"

"ಅದು ಸರ್ಕಾರದ ರಜಾರಿ, ನಿಮ್ಮದು, ಸಾಹೇಬ್ರದು. ಇದರದು ಸೋಮವಾರ. ನೀವೇ ನೋಡೀರಲ್ರಿ ರಾಯ್ರ, ಸೋಮವಾರ ಮುಂಜಾನಿ ನೀವು ಎಷ್ಟು ತಿರುವಿದ್ರೂ ಅದು ಏಳೂದಿಲ್ಲ. ಮೂಕ ಇದ್ರೂ ಅದಕ್ಕ ತಿಳೀತದ. ನಿಮಗೇ ತಿಳೀವಲ್ಲದು."

ನನ್ನ ಸಿಟ್ಟು ನೆತ್ತಿಗೇರಿತು. "ನೀ ಹಾಕೋ ನೀರಿಂದೇ ಅದು ಏಳೂದಿಲ್ಲೋ ಮಾರಾಯ! ಎಣ್ಣಿಯಾಗ ನೀರು ಹೊಕ್ಕು ಕುಂತದ! ಎರಡು ತಿಂಗಳಿಂದ ನನ್ನ ಪ್ರಾಣ ತಿಂದೀ, ನನ್ನ ನೌಕರಿ ತಿಂದೀ! ಇವತ್ತ ದೊಡ್ಡ ಸಾಹೇಬ್ರು ಬರಲಿ, ನಿನ್ನ ಹೆಸರು ಹೇಳೇ ಹೇಳ್ತೀನಿ. ಆಮ್ಯಾಲ ನೀ ಎಲ್ಲಿ ಮೈ ತೊಳೀತೀ ನೋಡ್ತೀನಿ!"

ಮುತ್ಯಾ ಕೊಡ ಕೆಳಗಿಟ್ಟ. ಟಾಂಕಿ ನೋಡಿದ, ತನ್ನ ಕೈ ನೋಡಿದ. "ನನ್ನ ಕೈಯಿಂದೇ ಅದಕ್ಕ ಹೊಟ್ಟಿಬ್ಯಾನಿ ಆಯ್ತೇನ್ರಿ?" ಅಂತ ಕೇಳಿದ. ನಾನು ಟಾಂಕಿ ಮುಚ್ಚಳಕ್ಕ ಕೈ ಹಾಕಿದೆ. ಅವ ಇಳದು, ಮೂಲ್ಯಾಗಿದ್ದ ತನ್ನ ಕಂಬಳಿ ಮಡಚಿ, ತಂಬಿಗಿ ಕಟ್ಟಿಕೊಂಡು, ಶೆಡ್ಡಿನ ಹೊರಗ ಬೇವಿನ ಗಿಡದ ಬುಡಕ ಹೋಗಿ ನಿಂತ.

ನಾನು ಟಾಂಕಿ ಖಾಲಿ ಮಾಡಿದೆ, ಪೈಪು ಬಿಚ್ಚಿ ಊದಿದೆ, ಪಂಪು ಹೊಡದೆ, ಹೊಸ ಎಣ್ಣಿ ಹಾಕಿದೆ. ತಲಿ ಕಾಸಿದೆ. ಕೊಡ್ಲಿ ನೆನಪಿಟ್ಟು, ಗಾಲಿ ಯಾವ ಕಡೆ ತಿರಗತದ ಅಂತ ಕಣ್ಣಿಟ್ಟು, ತೂಗಿ ಝಾಡಿಸಿದೆ. ಡುಬ್ ಡುಬ್ ಡುಬ್ ಅಂತ ಒಂದೇ ಏಟಿಗಿ ಎದ್ದಿತು. ನನ್ನ ಕಣ್ಣಾಗ ನೀರು ಬಂದ್ವು, ಖರೇ ಹೇಳ್ತೀನಿ.

ದೊಡ್ಡ ಸಾಹೇಬ್ರು ಸ್ಟೇಷನ್ನಿನಿಂದ ಟಾಂಗಾದಾಗ ಬಂದ್ರು. ಎತ್ತರದ ಆಳು, ಬಿಳೇ ಮೀಸಿ, ಕಡಿಮಿ ಮಾತು. ನಾನು ನೇಗಿಲು ಹಚ್ಚಿ ಎರಡು ಸಾಲು ಹೊಡದು ತೋರಿಸಿದೆ. ತಲಿ ಅಲುಗಿಸಿದ್ರು. ವಹೀದ್ ಸಾಹೇಬ್ರು ನಕ್ರು. ನಾನು ಪಕ್ಕಾ ಆದೆ ಅಂದುಕೊಂಡೆ. ಅಷ್ಟರಾಗ ಅವರು ರೋಜ್ನಾಮಚಾ ಕೇಳಿದ್ರು. ಪುಟ ತಿರುವಿಕೋತ ಹೋದ್ರು, ಹುಬ್ಬು ಗಂಟಾಯ್ತು. ಅವರು ಮಾತಾಡಿದ್ದು ಉರ್ದು, ನಾನು ನಮ್ಮ ಭಾಷಾದಾಗ ಬರೀತೀನಿ.

"ಇದೇನಿದು? ಸೋಮವಾರ ಬಂದ್, ಸೋಮವಾರ ಬಂದ್, ಮತ್ತ ಸೋಮವಾರ ಬಂದ್. ವಾರ ನೋಡಿ ಬರೋ ಬೇಮಾರಿ ಯಾವ ಇಂಜಿನ್ನಿಗೂ ಇಲ್ಲ. ಇದು ಯಾರೋ ಬೇಕಂತ ಮಾಡಿದ ಕೆಲಸ." ವಹಿ ಮುಚ್ಚಿ ನನ್ನ ಕಡೆ ತಿರಗಿದ್ರು. "ಮಿಸ್ತ್ರಿ, ಯಾರು ಮಾಡ್ಯಾರ ಅಂತ ನಿನಗ ಗೊತ್ತಿರಲೇಬೇಕು. ಹೆಸರು ಹೇಳು. ಇಲ್ಲಾಂದ್ರ ಹೋಗೂದು ನೀನೇ."

ಹೆಸರು ನನ್ನ ನಾಲಿಗಿ ತುದಿಯಾಗಿತ್ತು. ಶರಣಪ್ಪ. ನಾಕೇ ಅಕ್ಷರ. ಅಂದುಬಿಟ್ರ ನನ್ನ ನೌಕರಿ ಪಕ್ಕಾ, ಅವ್ವನ ಸಕ್ಕರಿಗೂ ಮಾನ. ಬಾಯಿ ತೆರದೆ ಸಹಾ. ಬೇವಿನ ಗಿಡದ ಬುಡಕ ಮುತ್ಯಾ ಕಂಬಳಿ ಹೆಗಲಿಗೇರಿಸಿಕೊಂಡು ನಿಂತಿದ್ದ. ನಾನು ಹೇಳ್ತೀನಿ ಅಂತ ಅವನಿಗಿ ಪೂರ್ತಿ ಖಾತ್ರಿ ಇತ್ತು. ನನ್ನ ಮ್ಯಾಲ ಅವನ ಮಾರಿಯಾಗ ಸಿಟ್ಟಿರ್ಲಿಲ್ಲ. ನನ್ನ ಕೆಲಸ ಹಗುರ ಮಾಡ್ಲಿಕ್ಕ ತಾನೇ ಒಂದು ಹೆಜ್ಜಿ ಮುಂದ ಬಂದ. ನನಗ ನನ್ನ ಮ್ಯಾಲೇ ನಾಚಿಕಿ ಬಂತು.

"ಹುಜೂರ್, ಯಾರೂ ಮಾಡಿಲ್ರಿ" ಅಂದೆ. "ಅದು ಪುಸ್ತಕದಾಗೇ ಅದರಿ."

"ಯಾವ ಪುಸ್ತಕ?"

"ಗಾಡಿ ಜೋಡಿ ಬಂದ ಜರ್ಮನ್ ಪುಸ್ತಕರಿ. ಸೋಮವಾರ ಇಂಜಿನ್ನಿಗಿ ಆರಾಮ್ ಕೊಡಬೇಕು ಅಂತ ಬರದಾರ. ನಮ್ಮ ಸಾಹೇಬ್ರಿಗಿ ಆ ಭಾಷಾ ಬರ್ತದ, ಅವರೇ ಓದಿ ಹೇಳ್ಯಾರ."

ವಹೀದ್ ಸಾಹೇಬ್ರ ಮಾರಿ ಸುಣ್ಣದ ಗ್ವಾಡಿ ಆಯ್ತು. ದೊಡ್ಡ ಸಾಹೇಬ್ರು ಅವರ ಕಡೆ ತಿರಗಿ, "ನಿಮಗ ಜರ್ಮನ್ ಬರ್ತದೇನು? ನನಗ ಗೊತ್ತೇ ಇರ್ಲಿಲ್ಲ. ತರ್ರಿ, ಓದ್ರಿ" ಅಂದ್ರು.

ಕೆಂಪು ಅರಬಿ ಬಂತು. ಗಂಟು ಬಿಚ್ಚಲಿಕ್ಕ ಸಾಹೇಬ್ರಿಗಿ ಎಷ್ಟು ಹೊತ್ತು ಹಿಡೀತು ಅಂದ್ರ, ಟಾಂಗಾದ ಕುದುರಿ ಸಹಾ ತಿರಗಿ ನೋಡಿತು. ಚಷ್ಮಾ ಏರಿಸಿದ್ರು. ಪುಟ ತಿರುವಿದ್ರು. ಒಮ್ಮೆ ನನ್ನನ್ನ ನೋಡಿದ್ರು. ನಾನು ಕಣ್ಣಿಲೇ ಬೇವಿನ ಗಿಡದ ಕಡೆ ತೋರಿಸಿದೆ. ಕಂಬಳಿ ಹೊತ್ತ ಮುದುಕನ್ನ ನೋಡಿದ್ರು, ಬಾನೆಟ್ಟಿನ ಮ್ಯಾಲ ಉಳದಿದ್ದ ಹಿಂದಿನ ಸೋಮವಾರದ ವಿಭೂತಿ ನೋಡಿದ್ರು. ಅವರೂ ಈ ನೆಲದಾಗೇ ಹುಟ್ಟಿ ಬೆಳದವರು. ಗಂಟಲು ಸರಿ ಮಾಡಿಕೊಂಡು, ಸೀಟಿನ ಚಿತ್ರದ ಮ್ಯಾಲ ಬೆರಳಿಟ್ಟು, ಮದರಸಾದಾಗ ಪಾಠ ಹೇಳೋ ದನಿಯಾಗ ಶುರು ಮಾಡಿದ್ರು.

"ದಫಾ ಗ್ಯಾರಾ, ಹುಜೂರ್. 'ಹಫ್ತೇ ಮೇಂ ಏಕ್ ದಿನ್, ಪೀರ್ ಕೆ ದಿನ್, ಇಂಜಿನ್ ಕೋ ಪೂರಾ ಆರಾಮ್ ದೇನಾ. ಟಾಂಕಿ ಸಾಫ್ ಕರ್ನಾ. ಬದನ್ ಧೋನಾ.'"

ವಾರಕ್ಕೊಂದು ದಿನ ಇಂಜಿನ್ನಿಗಿ ಪೂರ್ತಿ ಆರಾಮ್ ಕೊಡಬೇಕು ಅಂತ ಹನ್ನೊಂದನೇ ಕಲಮು. ಪೀರ್ ಅಂದ್ರ ಸೋಮವಾರ. ಬದನ್ ಧೋನಾ ಅಂದ್ರ ಮೈ ತೊಳಿಯೂದು. ಅದನ್ನ ಅವರಾಗೇ ಸೇರಿಸಿದ್ರು, ನಾನು ಹೇಳಿರ್ಲಿಲ್ಲ.

ದೊಡ್ಡ ಸಾಹೇಬ್ರು ಮೀಸಿ ತಿರುವಿದ್ರು. "ಹಂಗಿದ್ರ ಇಷ್ಟು ಸೋಮವಾರ ಇದನ್ನ ಚಾಲೂ ಮಾಡ್ಲಿಕ್ಕ ಯಾಕ ಹೋದ್ರಿ?"

ನನ್ನ ಜೀವ ಹಾರಿತು. ಆದ್ರ ಸಾಹೇಬ್ರಿಗಿ ಆಗಲೇ ರುಚಿ ಹತ್ತಿತ್ತು. ನನ್ನ ಕಡೆ ಬೆರಳು ಮಾಡಿ, "ನಾನು ಬ್ಯಾಡ ಬ್ಯಾಡ ಅಂದೆ ಹುಜೂರ್! ಈ ಹುಡುಗಗ ಕೆಲಸದ ಹುಚ್ಚು. ಒಂದಿನ ಸುಮ್ಮನ ಕೂಡು ಅಂದ್ರ ಕೂಡೂದಿಲ್ಲ. ಪುಸ್ತಕದ ಮಾತು ಮೀರಿ ತಿರುವತಾನ, ಅದು ಹಟ ಹಿಡೀತದ" ಅಂತ ಗದರಿಸಿದ್ರು. ನಾನು ತಪ್ಪಾಯ್ತು ಅಂತ ತಲಿ ತಗ್ಗಿಸಿದೆ.

"ಕೆಲಸದ ಹುಚ್ಚು?" ಅಂದ್ರು ದೊಡ್ಡ ಸಾಹೇಬ್ರು. "ಇಲಾಖಾದಾಗ ಈ ಬೇಮಾರಿ ಇರೋ ಮನುಷ್ಯಾನ್ನ ನಾನು ಇವತ್ತೇ ನೋಡೂದು. ಇವನನ್ನ ಪಕ್ಕಾ ಮಾಡ್ರಿ." ಅಷ್ಟಂದು ಹೊಂಟವರು, ಡುಬ್ ಡುಬ್ ಅಂತ ಇನ್ನೂ ನಡದೇ ಇದ್ದ ಇಂಜಿನ್ ಕಡೆ ನೋಡಿ ಒಮ್ಮೆಲೇ ಕೈ ಮ್ಯಾಲೆತ್ತಿದ್ರು. "ಅರೇ, ಇವತ್ತೂ ಪೀರ್ ಅಲ್ಲೇನು? ಬಂದ್ ಮಾಡು! ಬಂದ್ ಮಾಡು ಅದನ್ನ!"

ಎರಡು ತಿಂಗಳು ಸೋಮವಾರ ಮುಂಜಾನಿ ಏಳಲಿ ಅಂತ ಬೇಡಿಕೊಂಡ ಇಂಜಿನ್ನು ಎದ್ದ ಮೊದಲನೇ ಸೋಮವಾರ ನಾನೇ ಓಡಿಹೋಗಿ ಅದರ ಎಣ್ಣಿ ಬಂದ್ ಮಾಡಿದೆ. ಟಾಂಗಾ ಕಣ್ಮರಿ ಆಗೋತನಕ ವಹೀದ್ ಸಾಹೇಬ್ರು ಪುಸ್ತಕ ಎದಿಗವಚಿಕೊಂಡೇ ನಿಂತಿದ್ರು. ಆಮ್ಯಾಲ ನನ್ನ ಕಿವಿ ಹಿಡದು, "ಇನ್ನೊಮ್ಮೆ ನನ್ನ ಕೈಲೆ ಜರ್ಮನ್ ಓದಿಸಿದೀ ಅಂದ್ರ ನಾನೇ ಬರಖಾಸ್ತ್ ಮಾಡ್ತೀನಿ ಹರಾಮಖೋರ" ಅಂದು, ತಡೀಲಾರದೇ ನಕ್ಕುಬಿಟ್ರು.

ಮುತ್ಯಾ ಇನ್ನೂ ಗಿಡದ ಬುಡಕೇ ನಿಂತಿದ್ದ. ಅವನಿಗಿ ಉರ್ದು ಅರ್ಧಮರ್ಧ ತಿಳೀತಿತ್ತು. ನಾನು ಹತ್ತಿರ ಹೋಗಿ, ಮೈ ತೊಳಿ ಮುತ್ಯಾ, ಆದ್ರ ಟಾಂಕಿ ಬಾಯಿಗಿ ಚರ್ಮ ಕಟ್ಟಿ ತೊಳಿ ಅಂತ ಹೇಳಬೇಕು ಅಂದುಕೊಂಡೆ. ಮುಂಜಾನಿ ಆಡಿದ ಮಾತಿಗಿ ತಪ್ಪಾಯ್ತು ಅನ್ನಬೇಕು ಅಂದುಕೊಂಡೆ. ಅವನೇ ಮೊದಲು ಕೇಳಿದ.

"ರಾಯ್ರ, ಖರೇನೇ ಆ ಪುಸ್ತಕದಾಗ ಹಂಗ ಬರದಾರೇನ್ರಿ?"

ನಾನು ಅವನ ಮಾರಿ ನೋಡಿದೆ.

"ಹೌದು ಮುತ್ಯಾ. ಬರದಾರ."

"ಸಮುದ್ರದ ಆಚಿ ಮಂದಿನೂ ಸೋಮವಾರ ಹೂಡೂದಿಲ್ಲ ಅನ್ರಿ ಹಂಗಾರ" ಅಂದ. ಅವನ ಬೊಚ್ಚುಬಾಯಿ ಪೂರ್ತಿ ತೆರೀತು. "ನೋಡ್ರಿ ಮತ್ತ! ಎತ್ತು ಹೋದ ಮ್ಯಾಲ ಸೋಮವಾರ ನೆನಪಿಡೋನು ನಾನೊಬ್ಬನೇ ಉಳದೀನಿ ಅಂತ ತಿಳಕೊಂಡಿದ್ದೆ."

ಹೆಗಲ ಮ್ಯಾಲಿನ ಕಂಬಳಿ ಇಳಿಸಿ ಝಾಡಿಸಿದ. ಒಳಗ ಹೋಗಿ ಅದನ್ನ ಟ್ರ್ಯಾಕ್ಟರ್ ಬಾಜೂಕ ಹಾಸಿದ.